ಕೆಚ್ಚಲಿಲ್ಲದ ಹಸು

ಹಸುವಿನ ಕೆಚ್ಚಲು ಅಶ್ಲೀಲ ಎಂದು ತೀರ್ಮಾನಿಸಿದ ಮಹಾನುಭಾವರು ಈ ಭೂಮಿಯ ಮೇಲೆ ಆಗಿಹೋಗಿದ್ದಾರೆ ಎಂದರೆ ನಮ್ಮ ಮಲೆನಾಡಿನ ಕಡೆ ಯಾರೂ ನಂಬಲಿಕ್ಕಿಲ್ಲ. ಆದರೆ ಆಗಿಹೋಗಿದ್ದಾರೆ. 1931ನೇ ಇಸವಿ, ಅಮೆರಿಕ. ಮಿಕ್ಕಿ ಮೌಸ್ ಎಂಬ ಇಲಿರಾಯ ತೆರೆಗೆ ಬಂದು ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಅವನ ಚಿತ್ರಗಳಲ್ಲಿ ಆಗಾಗ ಹಸುವೊಂದು ಬಂದು ಹೋಗುತ್ತಿತ್ತು. ಓಡಿದರೆ ಅದರ ಕೆಚ್ಚಲು ಅತ್ತಿಂದಿತ್ತ ತೂಗಾಡುತ್ತಿತ್ತು. ನಿಂತು ಏದುಸಿರು ಬಿಟ್ಟರೆ ಉಸಿರಿನ ಜೊತೆ ತಾನೂ ಉಬ್ಬಿ ಇಳಿಯುತ್ತಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೆನ್ಸಾರ್ ಮಂಡಳಿಗಳಿಗೆ ಮಾತ್ರ ನಗು ಬರಲಿಲ್ಲ. ಅವುಗಳ ದೂರು ಹೆಚ್ಚಾಗಿ, ಕೊನೆಗೆ ಚಿತ್ರ ನಿರ್ಮಾಪಕರ ಸಂಘವೇ, ಇನ್ನು ಮುಂದೆ ಹಸುಗಳ ಕೆಚ್ಚಲು ಸಣ್ಣದಾಗಿರಬೇಕು ಇಲ್ಲವೇ ಕಾಣಿಸಲೇಬಾರದು ಎಂದು ಸಾರಿತು. ಕ್ಲಾರಾಬೆಲ್ ಎಂಬ ಹಸು ಲಂಗ ತೊಟ್ಟುಕೊಂಡು ಎರಡು ಕಾಲಿನ ಮೇಲೆ ಮರ್ಯಾದಸ್ಥಳಂತೆ ಓಡಾಡತೊಡಗಿದಳು.

ಅದೇ ಕ್ಲಾರಾಬೆಲ್ಲಳ ಮೇಲೆ ಒಹಾಯೊ ರಾಜ್ಯದವರಿಗೆ ಇನ್ನೊಂದು ಸಿಟ್ಟೂ ಇತ್ತು. 1930ರ ಚಿತ್ರವೊಂದರಲ್ಲಿ ಅವಳು ಆರಾಮವಾಗಿ ಒರಗಿಕೊಂಡು ಕಾದಂಬರಿ ಓದುತ್ತಿದ್ದಳು. ಅದು ಎಲಿನಾರ್ ಗ್ಲಿನ್ ಬರೆದ ‘ತ್ರೀ ವೀಕ್ಸ್’. ಆ ಕಾಲಕ್ಕೆ ದಿಂಬಿನ ಕೆಳಗಿಟ್ಟುಕೊಂಡು ಓದುವ ಬಗೆಯ ಪುಸ್ತಕ. ಚಿತ್ರಕ್ಕೆ ಆ ರಾಜ್ಯದಲ್ಲಿ ತಡೆ ಬಿತ್ತು. ಹಸು ಕಾದಂಬರಿ ಓದಿದ್ದು ಅಪರಾಧವೋ, ಅದೇ ಕಾದಂಬರಿ ಓದಿದ್ದು ಅಪರಾಧವೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಆ ಪುಸ್ತಕದ ಹೆಸರು ಗೊತ್ತಿದ್ದು, ಅದರಲ್ಲೇನಿದೆ ಎಂಬುದೂ ಗೊತ್ತಿರುವ ಐದು ವರ್ಷದ ಮಗು ಒಹಾಯೊದಲ್ಲಿ ಎಷ್ಟಿದ್ದಿರಬಹುದು? ಗೊತ್ತಿದ್ದದ್ದು ಮಂಡಳಿಯವರಿಗೆ. ಓದದೆ ಗೊತ್ತಾಗುವುದು ಹೇಗೆ?

ನಮ್ಮ ಅಜ್ಜಿ ಬೆಳಗಿನ ಜಾವ ಕೊಟ್ಟಿಗೆಗೆ ಹೋಗಿ ಕೆಚ್ಚಲು ತೊಳೆದು, ಬೆರಳಿಗೆ ಎಣ್ಣೆ ಸವರಿಕೊಂಡು ಹಾಲು ಕರೆಯುವಾಗ ಮನೆಯ ಮಕ್ಕಳೆಲ್ಲ ಲೋಟ ಹಿಡಿದು ನೊರೆಹಾಲಿಗೆ ಸಾಲುಗಟ್ಟಿ ನಿಂತಿರುತ್ತಿದ್ದೆವು. ಆ ಸಾಲಿನಲ್ಲಿದ್ದ ಯಾರೂ ಆಮೇಲೆ ಕೆಟ್ಟು ಹೋದ ವರ್ತಮಾನವಿಲ್ಲ. ಒಬ್ಬ ರಾಜಕೀಯಕ್ಕೆ ಹೋದ, ಅದಕ್ಕೆ ಕೆಚ್ಚಲು ಕಾರಣವಲ್ಲ.

ಆ ಕಾಲದ ಕಾರ್ಟೂನುಗಳು ಮಕ್ಕಳಿಗೆಂದೇ ಮಾಡಿದವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ದೊಡ್ಡ ಸಿನಿಮಾ ಶುರುವಾಗುವ ಮುಂಚೆ ಟಾಕೀಸಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದ ತುಣುಕುಗಳು ಅವು. 1930ರಲ್ಲಿ ಹುಟ್ಟಿದ ಬೆಟ್ಟಿ ಬೂಪ್ ಎಂಬ ರೇಖಾಸುಂದರಿಯಂತೂ ತುಂಡು ಫ್ರಾಕು ತೊಟ್ಟು, ತೊಡೆಗೊಂದು ಪಟ್ಟಿ ಕಟ್ಟಿಕೊಂಡು, ಗಂಡಸರ ಎದೆಬಡಿತ ಏರಿಸುವುದಕ್ಕೆಂದೇ ಅವತರಿಸಿದವಳು. 1934ರಲ್ಲಿ ಹಾಲಿವುಡ್ಡಿನ ನೀತಿಸಂಹಿತೆ ಬಿಗಿಯಾಯಿತು. ಬೆಟ್ಟಿಯ ಫ್ರಾಕು ಮೊಣಕಾಲಿನ ಕಡೆಗೆ ಇಳಿಯಿತು, ಪಟ್ಟಿ ಮಾಯವಾಯಿತು, ಮನೆವಾರ್ತೆಯ ಹುಡುಗಿಯಾದಳು. ಆಮೇಲೆ ಯಾರೂ ಅವಳ ಕಡೆ ಅಷ್ಟಾಗಿ ತಿರುಗಿ ನೋಡಲಿಲ್ಲ.

ಟಿವಿ ಬಂದ ಮೇಲೆ, ಅಮೆರಿಕದ ಶನಿವಾರದ ಬೆಳಗುಗಳೆಲ್ಲ ಕಾರ್ಟೂನಿನ ಪಾಲಾದ ಮೇಲೆ, ಗೆರೆ ಎಳೆದು ಬಣ್ಣ ತುಂಬಿದ್ದೆಲ್ಲ ಮಕ್ಕಳದೇ ಎಂಬ ನಂಬಿಕೆ ಜಗತ್ತಿನಲ್ಲಿ ಬೇರೂರಿತು. ನಂಬಿಕೆ ಬೇರೂರಲು ಅನುಕೂಲವೂ ಒಂದು ಕಾರಣ. ಮಗುವನ್ನು ಟಿವಿ ಮುಂದೆ ಕೂರಿಸಿ ಕುಕ್ಕರ್ ಇಟ್ಟರೆ ಮೂರು ವಿಷಲ್ ಆಗುವವರೆಗೆ ಮನೆ ನಮ್ಮದು. ಒಳಗೆ ಇಲಿ ಬೆಕ್ಕಿಗೆ ಏನು ಮಾಡುತ್ತಿದೆ, ಬೆಕ್ಕು ನಾಯಿಗೆ ಏನು ಹೇಳುತ್ತಿದೆ ಎಂದು ಯಾರು ಇಣುಕಿ ನೋಡುತ್ತಾರೆ? 2016ರಲ್ಲಿ ‘ಸಾಸೇಜ್ ಪಾರ್ಟಿ’ ಎಂಬ ಚಿತ್ರ ಬಂತು. ಅಂಗಡಿಯ ಕಪಾಟಿನಲ್ಲಿ ಕೂತ ಬನ್ನು, ಸಾಸೇಜುಗಳು ಮುದ್ದಾಗಿ ಕಣ್ಣು ಪಿಳಿಪಿಳಿ ಬಿಡುತ್ತವೆ. ಬಾಯಿ ಬಿಟ್ಟರೆ ಬಸ್‌ಸ್ಟ್ಯಾಂಡಿನವರೂ ಕಿವಿ ಮುಚ್ಚಿಕೊಳ್ಳುವ ಮಾತು. ಕಟ್ಟುನಿಟ್ಟಾಗಿ ವಯಸ್ಕರ ಚಿತ್ರ. ಅದರ ಟ್ರೇಲರು ಕ್ಯಾಲಿಫೋರ್ನಿಯಾದ ಕಾನ್ಕರ್ಡ್ ಊರಿನ ಥಿಯೇಟರೊಂದರಲ್ಲಿ ‘ಫೈಂಡಿಂಗ್ ಡೋರಿ’ ನೋಡಲು ಬಂದ ಚಿಳ್ಳೆಪಿಳ್ಳೆಗಳ ಮುಂದೆ ಕೈತಪ್ಪಿ ಓಡಿತು. ಅಪ್ಪ ಅಮ್ಮಂದಿರಿಗೆ ಎರಡು ಕೈಯಲ್ಲಿ ಎಷ್ಟು ಮಕ್ಕಳ ಕಣ್ಣು, ಎಷ್ಟು ಮಕ್ಕಳ ಕಿವಿ ಮುಚ್ಚಲು ಸಾಧ್ಯವಾಯಿತೋ.

ಆದರೆ ಹೀಗೆ ಬಹಿರಂಗವಾಗಿ ಬರುವುದಕ್ಕಿಂತ ಕದ್ದು ಕೂತಿರುವುದರ ಮೇಲೆ ದೊಡ್ಡವರಿಗೆ ಒಲವು ಜಾಸ್ತಿ. 1999ರ ಜನವರಿಯಲ್ಲಿ ಡಿಸ್ನಿ ಕಂಪನಿ ‘ದ ರೆಸ್ಕ್ಯೂಅರ್ಸ್’ ಚಿತ್ರದ ಸುಮಾರು 34 ಲಕ್ಷ ಕ್ಯಾಸೆಟ್ಟುಗಳನ್ನು ವಾಪಸು ತರಿಸಿಕೊಂಡಿತು. ಅನಾಥ ಹುಡುಗಿಯೊಬ್ಬಳನ್ನು ಬಿಡಿಸಲು ಹೊರಡುವ ಎರಡು ಇಲಿಗಳ ಕತೆ ಅದು, 1977ರದು. ಇಲಿಗಳು ಕಡಲಹಕ್ಕಿಯ ಬೆನ್ನಿಗೆ ಕಟ್ಟಿದ ಮೀನಿನ ಡಬ್ಬಿಯಲ್ಲಿ ಕೂತು ನಗರದ ಕಟ್ಟಡಗಳ ನಡುವೆ ಹಾರಿಹೋಗುತ್ತವೆ. ಆಗ ಹಿಂದಿನ ಕಿಟಕಿಯೊಂದರಲ್ಲಿ ಬೆತ್ತಲೆ ಹೆಂಗಸಿನ ಫೋಟೊ. ಚಿತ್ರ ತಯಾರಾಗುವಾಗಲೇ ಯಾವನೋ ಕಿಡಿಗೇಡಿ ಅಂಟಿಸಿ ಹೋಗಿದ್ದ. ಇಡೀ ಸಿನಿಮಾದಲ್ಲಿ ಸುಮಾರು 1,10,000 ಫ್ರೇಮುಗಳಿದ್ದರೆ ಆ ಫೋಟೊ ಇದ್ದದ್ದು ಎರಡರಲ್ಲಿ. ಅವೂ ಅಕ್ಕಪಕ್ಕದವಲ್ಲ. ಸೆಕೆಂಡಿಗೆ 24 ಫ್ರೇಮು ಓಡುವಾಗ ಒಂದೊಂದು ಫ್ರೇಮು ಕಣ್ಣಿಗೆ ಬೀಳುವ ಹೊತ್ತನ್ನು ನೀವೇ ಲೆಕ್ಕ ಹಾಕಿ. ರೆಪ್ಪೆ ಮಿಟುಕಿಸುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಇಪ್ಪತ್ತೆರಡು ವರ್ಷ ಆ ಹೆಂಗಸು ಕಿಟಕಿಯಲ್ಲಿ ಯಾರ ಗಮನಕ್ಕೂ ಬೀಳದೆ ನಿಂತಿದ್ದಳು. ಅವಳನ್ನು ಹೊರಗೆಳೆದದ್ದು ಕ್ಯಾಸೆಟ್ಟಿನ ಯಂತ್ರ. ಒಂದೊಂದೇ ಫ್ರೇಮು ನಿಲ್ಲಿಸಿ ನಿಲ್ಲಿಸಿ, ಇಲಿ ಹಾರುವ ಸಿನಿಮಾದಲ್ಲಿ ಇಲಿಯನ್ನು ಬಿಟ್ಟು ಕಿಟಕಿಯನ್ನು ನೋಡಿದವರು ಯಾರು? ಮಕ್ಕಳಂತೂ ಖಂಡಿತ ಅಲ್ಲ. ಮಕ್ಕಳಿಗೆ ಊಟಕ್ಕೆ ಕರೆದಾಗಲೂ ಪಾಸ್ ಒತ್ತುವ ತಾಳ್ಮೆ ಇರುವುದಿಲ್ಲ. ಇದಕ್ಕೆ ಬೇಕಾದದ್ದು ಪುರಸೊತ್ತಿರುವ, ಮೀಸೆ ಬಂದ ಮಗು.

ಅಂಥ ಮಕ್ಕಳಿಗೆ ಜಗತ್ತಿನಲ್ಲಿ ಬರವಿಲ್ಲ. 1994ರ ‘ಲಯನ್ ಕಿಂಗ್’ನಲ್ಲಿ ಸಿಂಬ ಬೇಸರದಿಂದ ಬಂಡೆಯ ಮೇಲೆ ಧೊಪ್ಪನೆ ಬಿದ್ದಾಗ ಎದ್ದ ಧೂಳು ಆಕಾಶದಲ್ಲಿ ಮೂರಕ್ಷರದ ಒಂದು ಪದವಾಗುತ್ತದೆ ಎಂದು ಹುಯಿಲೆಬ್ಬಿತು. ಅದು ನಮ್ಮ ಸ್ಪೆಷಲ್ ಎಫೆಕ್ಟ್ಸ್ ವಿಭಾಗದವರು ತಮ್ಮ ಗುರುತಿಗೆ ಬರೆದುಕೊಂಡ ಎಸ್‌ಎಫ್‌ಎಕ್ಸ್ ಎಂದು ಚಿತ್ರ ಮಾಡಿದವರು ಹೇಳಿದರು. ನಡುವಿನ ಅಕ್ಷರವನ್ನು ಬೇರೆಯಾಗಿ ಓದಿಕೊಂಡವರು ಕೇಳಲಿಲ್ಲ. ‘ಲಿಟ್ಲ್ ಮರ್ಮೇಡ್’ ಕ್ಯಾಸೆಟ್ಟಿನ ಹೊದಿಕೆಯ ಮೇಲಿನ ಅರಮನೆಯ ಗೋಪುರವೊಂದು ಬೇರೆ ಏನನ್ನೋ ಹೋಲುತ್ತದೆ ಎಂಬ ದೂರು ಬಂತು. ಅದೇ ಚಿತ್ರದಲ್ಲಿ ಮದುವೆ ಮಾಡಿಸುವ ಕುಳ್ಳ ಪಾದ್ರಿಯ ನಿಲುವಂಗಿಯೊಳಗಿಂದ ಉಬ್ಬಿ ಕಂಡ ಮೊಣಕಾಲಿನ ಬಗ್ಗೆಯೂ ಬಂತು. ಪಾಪದ ಮುದುಕ, ಮದುವೆ ಮಾಡಿಸಲು ಬಂದು ಮಾನ ಕಳೆದುಕೊಂಡ. ನಾನೂ ಕನ್ನಡಕ ಒರೆಸಿಕೊಂಡು ನೋಡಿದೆ. ಮೊಣಕಾಲೇ.

ನಮ್ಮ ಮನೆಯ ಸೆನ್ಸಾರ್ ಮಂಡಳಿಯ ಕಾರ್ಯವೈಖರಿ ಸ್ವಲ್ಪ ಬೇರೆ. ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ಬಂದರೆ ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತು ಆನಿಮೇಷನ್ ಸಿನಿಮಾ ನೋಡುವುದು ರೂಢಿ. ರಾಜಕುಮಾರ ರಾಜಕುಮಾರಿಯ ಮುಖದ ಹತ್ತಿರ ಮುಖ ತಂದನೋ, ನನ್ನ ಮಗನಿಗೆ ಕೆಮ್ಮು ಬರುತ್ತದೆ. ಸೊಸೆಗೆ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂಬ ಸಂಶಯ ಹುಟ್ಟುತ್ತದೆ. ಇಬ್ಬರ ಕೈಯೂ ಒಟ್ಟಿಗೇ ರಿಮೋಟಿನ ಕಡೆ ಹೋಗುತ್ತದೆ. ಅವರಿಬ್ಬರೂ ಮುತ್ತು ಮುಗಿಯಿತೋ ಇಲ್ಲವೋ ಎಂದು ಕಾಯುತ್ತಿರುವಾಗ ಮೊಮ್ಮಗಳು ಸೋಫಾದ ಸಂದಿಯಲ್ಲಿ ಬಿದ್ದ ಕಡಲೆಬೀಜ ಹುಡುಕುತ್ತಿರುತ್ತಾಳೆ. ಒಮ್ಮೆ ನನ್ನ ಕಿವಿಯ ಹತ್ತಿರ ಬಂದು, “ಅಜ್ಜಿ, ಅಪ್ಪಂಗೆ ಸಿನಿಮಾ ನೋಡಿದ್ರೆ ಕೆಮ್ಮು ಬರತ್ತೆ, ಡಾಕ್ಟ್ರಿಗೆ ತೋರಿಸ್ಬೇಕು” ಎಂದಳು.

ಅದೇ ಮಗು ‘ಲಯನ್ ಕಿಂಗ್’ನಲ್ಲಿ ಮುಫಾಸ ಬಂಡೆಯಿಂದ ಬಿದ್ದು ಸತ್ತಾಗ, ಮರಿ ಸಿಂಬ ಹೋಗಿ ಅಪ್ಪನ ಕೈಯಡಿ ನುಸುಳಿ ಮಲಗಿದಾಗ, ಕಡಲೆಬೀಜ ಮರೆತು ಕಲ್ಲಿನಂತೆ ಕೂತಿತ್ತು. ಆಗ ನಮ್ಮಲ್ಲಿ ಯಾರೂ ಕೆಮ್ಮಲಿಲ್ಲ, ಯಾರಿಗೂ ಗ್ಯಾಸಿನ ನೆನಪಾಗಲಿಲ್ಲ. ಮಾರನೆಯ ದಿನ ಮಗ ಪೇಟೆಗೆ ಹೊರಟು ಚಪ್ಪಲಿ ಮೆಟ್ಟುವಾಗ, “ಅಜ್ಜಿ, ಅಪ್ಪ ವಾಪಸ್ ಬರ್ತಾರಲ್ವಾ?” ಎಂದು ಕೇಳಿದಳು. ತೆಂಗಿನಕಾಯಿ ತರಲು ಹೊರಟವನು ಅವನು.

ಅಮೆರಿಕದಲ್ಲಿ ಆ ಚಿತ್ರಕ್ಕೆ ಸಿಕ್ಕಿದ್ದು ಎಲ್ಲ ವಯಸ್ಸಿನವರೂ ನೋಡಬಹುದಾದ ‘ಜಿ’ ದರ್ಜೆ. ಇಂಗ್ಲೆಂಡಿನಲ್ಲಿ 1978ರಲ್ಲಿ ‘ವಾಟರ್‌ಶಿಪ್ ಡೌನ್’ ಎಂಬ ಮೊಲಗಳ ಚಿತ್ರ ಬಂತು. ಮೊಲ ಎಂದೊಡನೆ ಅಲ್ಲಿನ ಮಂಡಳಿಯವರು ಎಲ್ಲರೂ ನೋಡಬಹುದಾದ ‘ಯು’ ಪತ್ರ ಕೊಟ್ಟರು. ಒಳಗೆ ನೋಡಿದರೆ ಮೊಲಗಳು ಒಂದನ್ನೊಂದು ಕಚ್ಚಿ ಸೀಳುತ್ತವೆ, ಬಿಲದಲ್ಲಿ ಉಸಿರುಗಟ್ಟಿ ಸಾಯುತ್ತವೆ, ಬಾಯಲ್ಲಿ ರಕ್ತ. ಒಂದು ತಲೆಮಾರಿನ ಮಕ್ಕಳು ಕನಸಿನಲ್ಲಿ ಬೆಚ್ಚಿಬಿದ್ದು, ಬೆಳೆದು, ಅವರ ಮಕ್ಕಳೂ ಬೆಳೆದ ಮೇಲೆ, ನಲವತ್ತಕ್ಕೂ ಹೆಚ್ಚು ವರ್ಷ ಕಳೆದು ಆ ಪತ್ರವನ್ನು, ದೊಡ್ಡವರು ಜೊತೆಗಿದ್ದು ವಿವರಿಸಬೇಕಾದ ‘ಪಿಜಿ’ ಎಂದು ತಿದ್ದಿದರು. ಜಪಾನಿನವರದ್ದು ಇನ್ನೂ ಸೊಗಸು. 1988ರಲ್ಲಿ ‘ಮೈ ನೇಬರ್ ಟೊಟೊರೊ’ ಎಂಬ, ಮಗುವಿನ ನಗುವಿನಷ್ಟೇ ನಿರ್ಮಲವಾದ ಚಿತ್ರವನ್ನು, ಯುದ್ಧದಲ್ಲಿ ಅಣ್ಣ ತಂಗಿ ಹಸಿದು ಸಾಯುವ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಜೊತೆಗೆ ಒಂದೇ ಟಿಕೆಟ್ಟಿಗೆ ತೋರಿಸಿದರು. ಎರಡೂ ಒಂದೇ ಸ್ಟುಡಿಯೋದ ಚಿತ್ರಗಳು, ಎರಡೂ ಶ್ರೇಷ್ಠ ಚಿತ್ರಗಳು. ಆದರೆ ಟೊಟೊರೊ ನೋಡಿ ಕುಣಿಯುತ್ತಿದ್ದ ಮಗುವನ್ನು ಎದ್ದು ಹೋಗಬೇಡ, ಇನ್ನೊಂದು ಇದೆ ಎಂದು ಕೂರಿಸಿದ ತಾಯಂದಿರ ಮುಖ ನೆನೆಸಿಕೊಳ್ಳಿ.

ಹಾಗಾದರೆ ಸಾವನ್ನೂ ಕತ್ತರಿಸಬೇಕೆ ಎಂದು ನೀವು ಕೇಳಬಹುದು. ಖಂಡಿತ ಬೇಡ. ಗೋವಿನ ಹಾಡು ಕೇಳಿ ಅಳದ ಕನ್ನಡದ ಮಗು ಉಂಟೇ? ಅದೀಗ ಸಂಸ್ಕೃತದಲ್ಲಿ ‘ಪುಣ್ಯಕೋಟಿ’ ಎಂಬ ಆನಿಮೇಷನ್ ಚಿತ್ರವಾಗಿಯೂ ಬಂದಿದೆ. ನಾನು ಹಾಡಿ ಹೇಳುವಾಗ ಮೊಮ್ಮಗಳ ಗಂಟಲು ಕಟ್ಟಿದ್ದು ಕಂಡರೆ ಕೊಂಚ ನಿಲ್ಲಿಸುತ್ತೇನೆ, ಕರುವಿಗೆ ಇನ್ನೊಂದೆರಡು ಗುಟುಕು ಹಾಲು ಕುಡಿಸುತ್ತೇನೆ, ಹುಲಿಯನ್ನು ಸ್ವಲ್ಪ ಹೊತ್ತು ಬಂಡೆಯ ಮೇಲೆ ಕಾಯಿಸುತ್ತೇನೆ. ಕತೆ ಹೇಳುವವರ ಕಣ್ಣು ಕೇಳುವವರ ಮುಖದ ಮೇಲಿರುತ್ತದೆ. ತೆರೆಗೆ ಆ ದಾಕ್ಷಿಣ್ಯವಿಲ್ಲ. ಇದೇ ಗೋವಿನ ಹಾಡನ್ನು ಚಿತ್ರ ಮಾಡಿ ಅಂದಿನ ಒಹಾಯೊ ಮಂಡಳಿಗೆ ಕಳಿಸಿದ್ದರೆ ಏನಾಗುತ್ತಿತ್ತು ಎಂದು ನಾನು ಕೆಲವೊಮ್ಮೆ ಯೋಚಿಸುವುದುಂಟು. ತಾಯಿ ಹಸು ಕಡೆಯ ಬಾರಿಗೆ ಕರುವಿಗೆ ಮೊಲೆಯೂಡುವ ದೃಶ್ಯಕ್ಕೆ ಕತ್ತರಿ ಬೀಳುತ್ತಿತ್ತು. ಹುಲಿ ಪ್ರಾಣ ಬಿಡುವುದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಧೂಮಪಾನದ ಕತೆಯೂ ಹೀಗೇ. 1940ರ ‘ಪಿನೋಕಿಯೊ’ದಲ್ಲಿ ಪುಂಡ ಹುಡುಗರು ಸಿಗಾರು ಸೇದುತ್ತಾರೆ, ಬಿಯರು ಕುಡಿಯುತ್ತಾರೆ, ಕೊನೆಗೆ ಕತ್ತೆಗಳಾಗುತ್ತಾರೆ. ಮಕ್ಕಳು ಹೆದರುವುದು ಸಿಗಾರಿಗಲ್ಲ, ಕತ್ತೆಯಾದ ಹುಡುಗ ಅಮ್ಮಾ ಎಂದು ಕೂಗುವುದಕ್ಕೆ. 2006ರಲ್ಲಿ ಬ್ರಿಟನ್ನಿನ ವೀಕ್ಷಕರೊಬ್ಬರ ದೂರಿನಿಂದಾಗಿ ‘ಟಾಮ್ ಅಂಡ್ ಜೆರ್ರಿ’ಯ ಹಳೆಯ ಕಂತುಗಳಲ್ಲಿ ಟಾಮ್ ಸಿಗರೇಟು ಸೇದುವ ದೃಶ್ಯಗಳನ್ನು ತೆಗೆದುಹಾಕಲು ಚಾನೆಲ್ಲಿನವರು ಒಪ್ಪಿದರು. ತಲೆಗೆ ಸುತ್ತಿಗೆ, ಬಾಲಕ್ಕೆ ಇಸ್ತ್ರಿಪೆಟ್ಟಿಗೆ, ಬಾಯಿಗೆ ಡೈನಮೈಟು ಉಳಿದುಕೊಂಡವು. ಬೆಕ್ಕಿನ ಶ್ವಾಸಕೋಶ ಒಂದು ಸುರಕ್ಷಿತವಾಯಿತು.

ನಿಜವಾಗಿ ಮಕ್ಕಳ ತಲೆಗೆ ಹೋಗಬಾರದ್ದು ಎಂದು ನನಗೆ ಅನ್ನಿಸುವುದು ಬೇರೆಯೇ ಇದೆ. ಅದನ್ನು ಹುಡುಕಲು ಪಾಸ್ ಬಟನ್ನೂ ಬೇಡ, ಕನ್ನಡಕವೂ ಬೇಡ. 1940ರ ‘ಫ್ಯಾಂಟೇಸಿಯಾ’ದಲ್ಲಿ ಅರ್ಧ ಹುಡುಗಿ ಅರ್ಧ ಕುದುರೆಯಾದ ಬಿಳಿಯ ಚೆಲುವೆಯರಿಗೆ ಕರಿಯ ಹುಡುಗಿಯೊಬ್ಬಳು ಗೊರಸು ಉಜ್ಜಿ ಹೊಳಪು ಕೊಡುತ್ತಿದ್ದಳು. ಅವಳನ್ನು ತೆಗೆದದ್ದು 1960ರ ದಶಕದ ಮರುಬಿಡುಗಡೆಯಲ್ಲಿ. 1953ರ ‘ಪೀಟರ್ ಪ್ಯಾನ್’ ಅಮೆರಿಕದ ಮೂಲನಿವಾಸಿಗಳನ್ನು ಇಡಿಯಾಗಿ ಗೇಲಿ ಮಾಡಿತು. 1992ರ ‘ಅಲಾದಿನ್’ನ ಮೊದಲ ಹಾಡು, ಮುಖ ಹಿಡಿಸದವನ ಕಿವಿ ಕತ್ತರಿಸುವ ನಾಡು ಎಂದು ಅರಬರನ್ನು ಬಣ್ಣಿಸಿತು, ಅರಬ್ ಅಮೆರಿಕನ್ನರು ಪ್ರತಿಭಟಿಸಿದ ಮೇಲೆ ಮರುವರ್ಷದ ಕ್ಯಾಸೆಟ್ಟಿನಲ್ಲಿ ಕಿವಿ ಕತ್ತರಿಸುವ ಮಾತು ಹೋಯಿತು, ಅನಾಗರಿಕರು ಎಂಬುದು ಹಾಗೇ ಉಳಿಯಿತು. ಪೀಟರ್ ಪ್ಯಾನಿಗೂ ‘ಡಂಬೊ’ಗೂ ಡಿಸ್ನಿ ತನ್ನ ಆನ್‌ಲೈನ್ ವಾಹಿನಿಯಲ್ಲಿ, ಇದರಲ್ಲಿ ಜನಾಂಗಗಳನ್ನು ಹೀನಾಯವಾಗಿ ತೋರಿಸಲಾಗಿದೆ, ಆಗಲೂ ತಪ್ಪು ಈಗಲೂ ತಪ್ಪು ಎಂಬ ಅರ್ಥದ ಎಚ್ಚರಿಕೆಯ ಫಲಕ ಹಾಕಿದ್ದು 2020ರಲ್ಲಿ. ಕೆಚ್ಚಲಿಗೆ ಮೂರು ವರ್ಷವೂ ಬೇಕಾಗಲಿಲ್ಲ, ಪೀಟರ್ ಪ್ಯಾನಿಗೆ ಅರವತ್ತೇಳು ವರ್ಷ. ನಮ್ಮವರು ಬೀಗುವ ಹಾಗಿಲ್ಲ. ನಮ್ಮ ಟಿವಿಯ ಪೌರಾಣಿಕ ಕಾರ್ಟೂನುಗಳಲ್ಲಿ ದೇವರು ಹೆಚ್ಚಾಗಿ ತಿಳಿಬಣ್ಣ, ರಕ್ಕಸರು ಹೆಚ್ಚಾಗಿ ಕಪ್ಪು. ಮೊಮ್ಮಗಳು ಬಣ್ಣ ಹಚ್ಚುವ ಪುಸ್ತಕ ತೆರೆದರೆ ಒಳ್ಳೆಯವರಿಗೆ ಯಾವ ಕಡ್ಡಿ, ಕೆಟ್ಟವರಿಗೆ ಯಾವ ಕಡ್ಡಿ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಭಾರತದಲ್ಲಿ ದೊಡ್ಡ ಗಲಾಟೆಯಾದದ್ದು ಶಿನ್‌ಚಾನ್ ಮೇಲೆ. ಐದು ವರ್ಷದ ಈ ಜಪಾನಿ ಪೋರ ಚಡ್ಡಿ ಜಾರಿಸಿ ಹಿಂಬದಿ ಕುಣಿಸುತ್ತಾನೆ, ದಾರಿಯಲ್ಲಿ ಹೋಗುವ ಹುಡುಗಿಯರನ್ನು ಮಾತಾಡಿಸುತ್ತಾನೆ, ಅಮ್ಮನ ದಪ್ಪವನ್ನು ಊರಿಗೆಲ್ಲ ಸಾರುತ್ತಾನೆ. 2008ರಲ್ಲಿ ಅವನ ಪ್ರಸಾರ ನಿಂತಿತು. 2009ರಲ್ಲಿ ಕತ್ತರಿ ಆಡಿಸಿಕೊಂಡು ಸಭ್ಯನಾಗಿ ವಾಪಸು ಬಂದ. ಜಪಾನಿನಲ್ಲಿ ಅವನು 1990ರಲ್ಲಿ ಹುಟ್ಟಿದ್ದೇ ದೊಡ್ಡವರು ಓದುವ ವಾರಪತ್ರಿಕೆಯೊಂದರ ಚಿತ್ರಕತೆಯಲ್ಲಿ. ಮಗು ಹೀಗೆಲ್ಲ ಮಾಡಿದರೆ ಅಪ್ಪ ಅಮ್ಮನ ಗತಿಯೇನು ಎಂದು ದೊಡ್ಡವರು ನಕ್ಕು ಹಗುರಾಗಲು ಬರೆದದ್ದು ಅದು. ನಮ್ಮಲ್ಲಿಗೆ ಬರುವಾಗ ಮಕ್ಕಳ ಚಾನೆಲ್ಲು ಸೇರಿಕೊಂಡಿತು. ಮೊಮ್ಮಗಳು ಅವನಿಂದ ಚಡ್ಡಿ ಕುಣಿತ ಕಲಿಯಲಿಲ್ಲ, ಹಿಂದಿ ಕಲಿತಳು. ಹಾಲು ಬೇಡ ಎನ್ನುವುದನ್ನು ಹಿಂದಿಯಲ್ಲಿ ಹೇಳಿದರೆ ಅಜ್ಜಿ ಬಲವಂತ ಮಾಡುವುದಿಲ್ಲ ಎಂಬುದನ್ನೂ ಕಂಡುಕೊಂಡಳು. ಬಾಂಗ್ಲಾದೇಶದವರು 2013ರಲ್ಲಿ ‘ಡೋರೆಮಾನ್’ ಪ್ರಸಾರ ನಿಲ್ಲಿಸಿದ್ದು ಇದೇ ಕಾರಣಕ್ಕೆ. ಮಕ್ಕಳು ಬಂಗಾಳಿ ಬಿಟ್ಟು ಹಿಂದಿ ಆಡುತ್ತಿದ್ದಾರೆ ಎಂದು. ಅಶ್ಲೀಲಕ್ಕೆ ಹೆದರದ ನನ್ನಂಥ ಅಜ್ಜಿಯರಿಗೂ ಈ ಕಾರಣ ಸರಿಯಾಗಿಯೇ ಕಾಣುತ್ತದೆ.

2025ರಲ್ಲಿ ನಮ್ಮ ಹೊಂಬಾಳೆ ಸಂಸ್ಥೆ ಅರ್ಪಿಸಿದ ‘ಮಹಾವತಾರ್ ನರಸಿಂಹ’ ಕನ್ನಡದಲ್ಲೂ ಬಂದು ಮಕ್ಕಳು ಮರಿಯೆಲ್ಲ ಹೋಗಿ ನೋಡಿದರು. ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವ ಕತೆಗೆ ಮಕ್ಕಳನ್ನು ಕರೆದೊಯ್ಯಬಹುದೇ ಎಂದು ಸೊಸೆ ನನ್ನನ್ನು ಕೇಳಿದಳು. ಕೇಳಿದ್ದು ಯಾರನ್ನು ನೋಡಿ. ಚಿಕ್ಕಂದಿನಲ್ಲಿ ಯಕ್ಷಗಾನದ ಆಟ ನೋಡಲು ಹೋಗಿ ಚಾಪೆಯ ಮೇಲೆ ನಿದ್ದೆ ಹೋಗುತ್ತಿದ್ದ ನಮ್ಮನ್ನು, “ಏಳ್ರೋ, ನರಸಿಂಹ ಬಂದ” ಎಂದು ತಟ್ಟಿ ಎಬ್ಬಿಸುತ್ತಿದ್ದರು, ಕರುಳು ತೆಗೆಯುವುದು ತಪ್ಪಿಹೋಗಬಾರದೆಂದು. ಹೆದರಿದರೆ ತಲೆ ಹುದುಗಿಸಲು ಅಜ್ಜಿಯ ಸೆರಗಿತ್ತು. “ನೀನೂ ಪಕ್ಕದಲ್ಲಿ ಕೂತ್ಕೊಳ್ಳೋದಾದ್ರೆ ಕರ್ಕೊಂಡ್ ಹೋಗು, ಬಿಟ್ಟು ಶಾಪಿಂಗಿಗೆ ಹೋಗೋದಾದ್ರೆ ಬೇಡ” ಎಂದೆ. “ಸರಿ ಅತ್ತೆ, ನೀವೇ ಕೂತ್ಕೊಳ್ಳಿ” ಎಂದು ಮೂರು ಟಿಕೆಟ್ ತೆಗೆಸಿದಳು.

2016ರಲ್ಲಿ ಮೋಗ್ಲಿಯ ‘ಜಂಗಲ್ ಬುಕ್’ಗೆ ನಮ್ಮ ದೇಶದ ಸೆನ್ಸಾರ್ ಮಂಡಳಿ, ಮಕ್ಕಳಿಗೆ ತೋರಿಸುವ ಮುನ್ನ ಅಪ್ಪ ಅಮ್ಮ ಯೋಚಿಸಬೇಕೆನ್ನುವ ಯುಎ ಪತ್ರ ಕೊಟ್ಟಾಗ ದೇಶವೆಲ್ಲ ಗೇಲಿ ಮಾಡಿತು. ತ್ರೀಡಿಯಲ್ಲಿ ಪ್ರಾಣಿಗಳು ಮೈಮೇಲೆ ಎರಗುವಂತಿವೆ, ಮಕ್ಕಳು ಹೆದರುತ್ತಾರೆ ಎಂದು ಆಗಿನ ಅಧ್ಯಕ್ಷರು ಹೇಳಿದ್ದು ದೊಡ್ಡ ಹಾಸ್ಯವಾಯಿತು. ಆ ಮಂಡಳಿ ನಗೆಪಾಟಲಾಗಲು ಬೇರೆ ಕಾರಣಗಳು ಬೇಕಾದಷ್ಟಿದ್ದವು. ಇದೊಂದರಲ್ಲಿ ನಾನು ಅವರ ಪಕ್ಷ. ಗೋಪುರ ಏನನ್ನು ಹೋಲುತ್ತದೆ ಎಂದು ಕೇಳುವುದನ್ನು ಬಿಟ್ಟು ಮಗು ಹೆದರುತ್ತದೆಯೇ ಎಂದು ಒಂದು ಮಂಡಳಿ ಕೇಳಿದ್ದೇ ಅಪರೂಪ.

ಈಗ ಯುಎ ದರ್ಜೆಯನ್ನು ಮೂರು ಮಾಡಿದ್ದಾರೆ. 2024ರ ಹೊಸ ನಿಯಮದಂತೆ 7+, 13+, 16+. ಚಿತ್ರ ಶುರುವಾಗುವ ಮುಂಚೆ ತೆರೆಯ ಮೇಲೆ ಆ ಪ್ರಮಾಣಪತ್ರ ಬರುತ್ತದೆ. ಆ ಹೊತ್ತಿಗೆ ಸರಿಯಾಗಿ ನಾವೆಲ್ಲ ಮೊಬೈಲಿನ ಟಾರ್ಚು ಹಿಡಿದು ಸೀಟು ಹುಡುಕುತ್ತಿರುತ್ತೇವೆ, ಇಲ್ಲವೇ ಪಾಪ್‌ಕಾರ್ನ್ ಯಾರ ತೊಡೆಯ ಮೇಲಿರಬೇಕು ಎಂಬ ಪಂಚಾಯ್ತಿಯಲ್ಲಿರುತ್ತೇವೆ. ‘ಎ’ ಚಿತ್ರವಾದರೆ ಬಾಗಿಲಲ್ಲಿ ನಿಂತವನು ಮಗುವನ್ನು ತಡೆಯಬೇಕು; ಯುಎ ಚಿತ್ರಕ್ಕೆ ಅವನು ತಡೆಯುವ ಹಾಗಿಲ್ಲ, ಆ ತೀರ್ಮಾನ ಕಾನೂನಿನಂತೆ ಅಪ್ಪ ಅಮ್ಮನದು. ಆದ್ದರಿಂದ ಮುಂದಿನ ಸಲ ಹತ್ತು ನಿಮಿಷ ಮೊದಲೇ ಹೋಗಿ ಕೂತು, ಆ ಕಾಗದ ಬಂದಾಗ ಒಮ್ಮೆ ತಲೆಯೆತ್ತಿ ಓದಿ. ಆಮೇಲೆ ಬೇಕಾದರೆ ಕೆಮ್ಮಿ.